ವಟವಟಿ ಹೊಲಿದ ಎಲೆ

“ಇದು ಎಲೆ ಅಲ್ಲ ಮಿಸ್. ಬಸ್ಸಿನ ಚಕ್ರಕ್ಕೆ ಸಿಕ್ಕಿದ ಕಪ್ಪೆ!”

ವಟವಟಿ ಹಾಗೆಂದು ತನ್ನ ಕ್ಯಾನ್ವಾಸ್ ತುಂಡನ್ನು ತಲೆಯ ಮೇಲೆತ್ತಿ ಹಿಡಿದಳು. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು.

ನಿಜ ಹೇಳಬೇಕೆಂದರೆ ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕ್ಯಾನ್ವಾಸಿನ ನಡುವೆ ಕಡುಹಸಿರು ಉಣ್ಣೆಯ ಮುದ್ದೆಯೊಂದು ಕೂತಿತ್ತು. ಎಡಗಡೆ ಉಬ್ಬು, ಬಲಗಡೆ ತಗ್ಗು. ತೊಟ್ಟು ಇರಬೇಕಾದ ಕಡೆ ದಾರದ ದೊಡ್ಡ ಗಂಟು.

“ನೀರಿಗೆ ಬಿಟ್ರೆ ಈಜುತ್ತೆ ಮಿಸ್, ಗ್ಯಾರಂಟಿ!” ಎಂದಳು ವಟವಟಿ.

ಮತ್ತೆ ನಗು. ಹಿಂದಿನ ಬೆಂಚಿನ ಲಂಬು ಡೆಸ್ಕನ್ನು ದಬದಬ ಬಡಿದ. ಕ್ಲಾಸಿಗೆಲ್ಲ ಎತ್ತರದ ಹುಡುಗ ಅವನು. ನಗು ಬಂದರೆ ಅವನ ಕೈಕಾಲು ಅವನ ಮಾತು ಕೇಳುತ್ತಿರಲಿಲ್ಲ.

ಕ್ರಾಫ್ಟ್ ಮಿಸ್ ಮಾತ್ರ ನಗಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಕೇಳಿದರು: “ನಿನ್ನ ಎಲೆ ಎಲ್ಲಿ?”

“ಇದೇ ಮಿಸ್.”

“ಇದಲ್ಲ. ನೋಡ್ಕೊಂಡು ಹೊಲೀಬೇಕು ಅಂತ ಕಿತ್ಕೊಂಡು ಬಂದಿದ್ಯಲ್ಲ, ನಿಜವಾದ ಎಲೆ. ಅದೆಲ್ಲಿ?”

ವಟವಟಿ ತಲೆ ಕೆರೆದುಕೊಂಡಳು. ಆ ಎಲೆಯನ್ನು ಅವಳು ಮೊದಲ ದಿನವೇ ಕಳೆದುಹಾಕಿದ್ದಳು. ಎಲೆ ಹೇಗಿರುತ್ತದೆಂದು ಯಾರಿಗೆ ಗೊತ್ತಿಲ್ಲ? ಹಸಿರಾಗಿರುತ್ತದೆ, ಎಲೆಯ ಹಾಗಿರುತ್ತದೆ. ಅಷ್ಟು ಸಾಕೆಂದುಕೊಂಡು ಹೊಲಿದುಬಿಟ್ಟಿದ್ದಳು.

ಐದನೇ ಕ್ಲಾಸಿನವರೆಲ್ಲ ಸೇರಿ ಶಾಲೆಯ ಲೈಬ್ರರಿಯ ಗೋಡೆಗೆ ಒಂದು ಮರ ಮಾಡುತ್ತಿದ್ದರು. ಕಾಂಡ, ಕೊಂಬೆಗಳನ್ನು ಮಿಸ್ ದೊಡ್ಡ ಬಟ್ಟೆಯ ಮೇಲೆ ಆಗಲೇ ಹೊಲಿದಿಟ್ಟಿದ್ದರು. ಮಕ್ಕಳದು ತಲಾ ಒಂದು ಎಲೆ. ಅದನ್ನು ಕ್ಯಾನ್ವಾಸಿನ ಮೇಲೆ ಉಣ್ಣೆ ದಾರದಲ್ಲಿ ಹೊಲಿಯಬೇಕು. ಈ ಕ್ಯಾನ್ವಾಸ್ ಸೊಳ್ಳೆಪರದೆಯ ಹಾಗೆ ತೂತುತೂತು, ಆದರೆ ರಟ್ಟಿನ ಹಾಗೆ ಗಟ್ಟಿ. ಸೂಜಿ ಒಂದು ತೂತಿನಿಂದ ಮೇಲೆ ಬರಬೇಕು, ಓರೆಯಾಗಿ ಪಕ್ಕದ ಸಾಲಿನ ತೂತಿಗೆ ಇಳಿಯಬೇಕು. ಪುಟ್ಟಪುಟ್ಟ ಓರೆ ಹೊಲಿಗೆಗಳು ಒತ್ತೊತ್ತಾಗಿ ಕೂತು ಕೆಳಗಿನ ಬಟ್ಟೆಯೇ ಕಾಣದ ಹಾಗೆ ಮುಚ್ಚಬೇಕು.

“ತಲೇಲಿರೋ ಎಲೆ ಹೊಲೀಬೇಡಿ, ಕೈಲಿರೋ ಎಲೆ ಹೊಲೀರಿ,” ಎಂದು ಮಿಸ್ ಮೊದಲೇ ಹೇಳಿದ್ದರು. ಆಗ ವಟವಟಿ ಪಕ್ಕದವಳ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದಳು.

ಈಗ ಮಿಸ್ ಇನ್ನೇನು ಬೈಯುತ್ತಾರೋ ಎಂದುಕೊಂಡು, ಅದಕ್ಕೂ ಮೊದಲೇ ಇನ್ನೊಂದು ನಗೆಚಟಾಕಿ ಹಾರಿಸಿಬಿಡೋಣ ಎನಿಸಿತು ಅವಳಿಗೆ. ಪಕ್ಕದಲ್ಲಿ ಗುಬ್ಬಿಯ ಕ್ಯಾನ್ವಾಸ್ ಬಿದ್ದಿತ್ತು. ಗುಬ್ಬಿ ಎಂದರೆ ಅವಳ ಬೆಂಚಿನ ಗೆಳತಿ. ಹೆಸರಿಗೆ ತಕ್ಕ ಹಾಗೆ ಪುಟ್ಟ ಹುಡುಗಿ, ಮಾತೂ ಪುಟ್ಟದು. ವಟವಟಿ ಅವಳ ಕ್ಯಾನ್ವಾಸನ್ನೂ ಗಬಕ್ಕನೆ ಎತ್ತಿ ಹಿಡಿದಳು.

“ನಂದು ಕಪ್ಪೆ! ಇದು ಅದರ ಮರಿ!”

ಈ ಸಲ ಬಿದ್ದ ನಗು ಹಿಂದಿನ ಎರಡನ್ನೂ ಮೀರಿಸಿತು. ಲಂಬುವಿನ ಕಂಪಾಸ್ ಬಾಕ್ಸ್ ಡೆಸ್ಕಿನಿಂದ ಹಾರಿಬಿದ್ದು ನೆಲವೆಲ್ಲ ಪೆನ್ಸಿಲ್ಲು. ಗಲಾಟೆ ನಿಲ್ಲಿಸುವಷ್ಟರಲ್ಲಿ ಮಿಸ್‌ಗೆ ಸಾಕುಸಾಕಾಯಿತು.

ಗುಬ್ಬಿ ತನ್ನ ಕ್ಯಾನ್ವಾಸನ್ನು ವಟವಟಿಯ ಕೈಯಿಂದ ತೆಗೆದುಕೊಂಡಳು. ಮಡಚಿದಳು. ಮಡಚಿದ್ದನ್ನು ಮತ್ತೆ ಮಡಚಿ ಬ್ಯಾಗಿನ ತಳಕ್ಕೆ ತುರುಕಿದಳು.

ಬೆಲ್ ಹೊಡೆದ ಮೇಲೆ ಮಿಸ್ ವಟವಟಿಯನ್ನು ಕರೆದು ಹೊಸ ಕ್ಯಾನ್ವಾಸ್ ತುಂಡೊಂದನ್ನು ಕೈಗಿಟ್ಟರು. ಜೊತೆಗೆ ಬೇರೆಬೇರೆ ಹಸಿರಿನ ಉಣ್ಣೆಯ ಕಂತೆ.

“ಇನ್ನೊಂದು ಹೊಲ್ಕೊಂಡು ಬಾ.”

“ಕಪ್ಪೆ ಅಷ್ಟು ಕೆಟ್ಟದಾಗಿದ್ಯಾ ಮಿಸ್?”

“ಕೆಟ್ಟದಾಗಿದೆ ಅಂತಲ್ಲ ಮರಿ. ನೀನು ನೋಡದೇ ಹೊಲಿದಿದ್ದೀಯ. ನೋಡಿ ಹೊಲಿದಿದ್ದು ಹೇಗಿದ್ರೂ ಗೋಡೆ ಮೇಲೆ ಹಾಕ್ತೀನಿ.”

ಊಟದ ಬಿಡುವಿನಲ್ಲಿ ಗುಬ್ಬಿ ದೂರದ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಮಾರನೆಯ ದಿನ ಬೆಂಚನ್ನೇ ಬದಲಾಯಿಸಿಕೊಂಡಳು. ಆ ಹೊತ್ತಿಗೆ ಲಂಬು ಅವಳನ್ನು “ಕಪ್ಪೆಮರಿ” ಎಂದು ಕರೆಯಲು ಶುರು ಮಾಡಿದ್ದ. ಅವನು ಕರೆದರೆ ಎಲ್ಲರೂ ಕರೆದ ಹಾಗೆ. ಗುಬ್ಬಿ ಹೋಗಿ ಮಿಸ್ ಹತ್ತಿರ, “ನಾನು ಎಲೆ ಹೊಲಿಯಲ್ಲ, ಎಲ್ಲರಿಗೂ ದಾರ ಕತ್ತರಿಸಿ ಕೊಡ್ತೀನಿ,” ಎಂದಳಂತೆ.

ವಟವಟಿಗೆ ಇದು ಅರ್ಥವೇ ಆಗಲಿಲ್ಲ. “ನನ್ನನ್ನ ನಾನೇ ಅಷ್ಟೆಲ್ಲ ಅಂದ್ಕೊಂಡೆ. ಅವಳಿಗೆ ಅಂದಿದ್ದು ಒಂದೇ ಒಂದು ಮಾತು. ಅಷ್ಟಕ್ಕೇ ಇಷ್ಟಾ?” ಎಂದು ಗೊಣಗಿಕೊಂಡಳು.

ಅವಳ ತಪ್ಪು ಎಂದೂ ಪೂರ್ತಿ ಹೇಳುವ ಹಾಗಿಲ್ಲ. ಅವಳ ಮನೆಯ ಗಾಳಿಯೇ ಹಾಗಿತ್ತು. ಅಪ್ಪ ಎಲೆಕ್ಟ್ರಿಷಿಯನ್. ತನ್ನ ಬೋಳುತಲೆಯನ್ನು ತಾನೇ ಸವರಿಕೊಂಡು, “ಕರೆಂಟ್ ಹೋದ್ರೆ ನಾನು ಟೋಪಿ ತೆಗೀತೀನಿ, ಅಷ್ಟೇ,” ಎನ್ನುವ ಮನುಷ್ಯ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅವಳು ಹಾಡಲು ಕೂತರೆ, “ಇನ್ನು ರೋಗಿಗಳೆಲ್ಲ ತಾವಾಗೇ ಎದ್ದು ಮನೆಗೆ ಹೋಗ್ತಾರೆ,” ಎಂದು ತಾನೇ ಹೇಳಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಅನ್ನದ ತಳ ಹಿಡಿದರೂ ನಗು, ಛತ್ರಿ ಬಸ್ಸಿನಲ್ಲಿ ಬಿಟ್ಟುಬಂದರೂ ನಗು. ತನ್ನನ್ನು ತಾನು ಮೊದಲು ಗೇಲಿ ಮಾಡಿಕೊಂಡವರು ಗೆದ್ದ ಹಾಗೆ. ಆಮೇಲೆ ಬೇರೆಯವರಿಗೆ ನಗಲು ಏನೂ ಉಳಿಯುವುದಿಲ್ಲವಲ್ಲ! ಈ ಆಟದಲ್ಲಿ ವಟವಟಿ ಚಾಂಪಿಯನ್.

ಶನಿವಾರ ಅವಳು ಬಸ್ ಸ್ಟಾಪಿನ ಹಿಂದಿನ ಪೊದೆಯಿಂದ ಒಂದು ಎಲೆ ಕಿತ್ತು ತಂದಳು. ಆರಿಸಿ ಕಿತ್ತಿದ್ದಲ್ಲ, ಕೈಗೆ ಸಿಕ್ಕಿದ್ದು. ಬಾಲ್ಕನಿಯಲ್ಲಿ ಒಗೆದ ಬಟ್ಟೆಗಳ ಕೆಳಗೆ ಕಾಲು ಚಾಚಿ ಕೂತು, ಎಲೆಯನ್ನು ಮೊಣಕಾಲ ಮೇಲಿಟ್ಟುಕೊಂಡಳು.

“ಏನಮ್ಮಾ ಎಲೆ, ಹೇಗಿದ್ದೀಯ? ನಿನ್ನ ಗ್ರಹಚಾರ ನೆಟ್ಟಗಿಲ್ಲ, ನನ್ನ ಕೈಗೆ ಬಂದಿದ್ದೀಯ,” ಎಂದಳು.

ಎಲೆ ನಗಲಿಲ್ಲ. ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವಳು ಸುಮ್ಮನೆ ಎಲೆಯನ್ನು ನೋಡಬೇಕಾಯಿತು.

ಮೊದಲು ಕಂಡಿದ್ದು ನಡುವಿನ ನರ. ಅದು ಹಸಿರೇ ಅಲ್ಲ! ಹೆಚ್ಚುಕಡಿಮೆ ಹಳದಿ. ಅದೂ ನೆಟ್ಟಗಿಲ್ಲ, ತುದಿಗೆ ಹೋಗುತ್ತಾ ಒಂದು ಕಡೆಗೆ ವಾಲಿಕೊಂಡಿತ್ತು. ಪಕ್ಕದ ಸಣ್ಣ ನರಗಳು ಎದುರುಬದುರು ಹೊರಡುತ್ತವೆಂದು ಅವಳು ಅಂದುಕೊಂಡಿದ್ದಳು. ಇಲ್ಲ, ಒಂದು ಮುಂದೆ, ಒಂದು ಹಿಂದೆ. ಬಿಸಿಲು ಬಿದ್ದ ಅರ್ಧ ಒಂದು ಹಸಿರು, ನೆರಳಿನ ಅರ್ಧ ಇನ್ನೊಂದು ಹಸಿರು. ಅಂಚಿನಲ್ಲಿ ಯಾವುದೋ ಹುಳ ಕಚ್ಚಿ ತಿಂದ ಜಾಗ. ಆ ಕಚ್ಚಿನ ಸುತ್ತ ತೆಳುವಾದ ಕಂದು ಗೆರೆ.

“ಅಬ್ಬಾ! ಒಂದು ಎಲೇಲಿ ಇಷ್ಟೆಲ್ಲಾ ಇರುತ್ತಾ?” ಎಂದಳು ವಟವಟಿ. ಪಾಪ, ಇಷ್ಟು ದಿನ ಕಣ್ಣನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆನೇನೋ ಎನಿಸಿತು ಅವಳಿಗೆ.

ಮೊದಲು ನಡುವಿನ ನರವನ್ನು ಹಳದಿಯಲ್ಲಿ ಹೊಲಿದಳು. ಬಿಸಿಲ ಕಡೆಗೆ ತಿಳಿಹಸಿರು, ನೆರಳ ಕಡೆಗೆ ಕಡುಹಸಿರು. ಎರಡರ ನಡುವಿನ ಬಣ್ಣ ಕಂತೆಯಲ್ಲಿ ಇರಲೇ ಇಲ್ಲ. ಯೋಚಿಸಿ ಯೋಚಿಸಿ, ಒಂದೇ ಸೂಜಿಗೆ ಎರಡು ಹಸಿರಿನ ಎಳೆಗಳನ್ನು ಒಟ್ಟಿಗೆ ಪೋಣಿಸಿದಳು. ಬಂತು! ಎಲೆಯಲ್ಲಿದ್ದ ಬಣ್ಣವೇ ಬಂತು. ಅವಳು ಕೂತಲ್ಲೇ ಒಂದು ಸಲ ಕುಣಿದಳು. ಸೂಜಿ ತೊಡೆಗೆ ಚುಚ್ಚಿತು. ಕೆಲವು ಸಾಲು ತಪ್ಪಿ, ಬಿಚ್ಚಿ, ಮತ್ತೆ ಹೊಲಿದಳು. ಊಟಕ್ಕೆ ಕರೆದರೆ “ಬಂದೆ” ಎಂದಳು, ಹೋಗಲಿಲ್ಲ.

ಭಾನುವಾರ ಸಂಜೆ ಎಲೆ ಮುಗಿಯಿತು. ದಾರವನ್ನು ತೀರಾ ಬಿಗಿಯಾಗಿ ಎಳೆದಿದ್ದರಿಂದ ಚೌಕವಾಗಿದ್ದ ಕ್ಯಾನ್ವಾಸ್ ಗಾಳಿಪಟದ ಹಾಗೆ ಓರೆಯಾಗಿತ್ತು. ಇರಲಿ. ಎಲೆಯ ಪಕ್ಕ ಎಲೆ ಇಟ್ಟು ನೋಡಿದಳು. ದೂರ ಹಿಡಿದು ನೋಡಿದಳು. ಒಂದು ಕಣ್ಣು ಮುಚ್ಚಿ ನೋಡಿದಳು. ಖುಷಿಗೆ ಅವಳ ಎದೆ ಡಬಡಬ ಎಂದಿತು. ತನ್ನ ಮೇಲೆ ತಾನು ಒಂದು ಜೋಕನ್ನೂ ಮಾಡಿಕೊಂಡಿಲ್ಲ ಎನ್ನುವುದು ಅವಳ ಗಮನಕ್ಕೇ ಬಂದಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಏಣಿ ಕೆಳಗಿಟ್ಟ ಸದ್ದು. ಅಪ್ಪ ಯಾರದೋ ಮನೆಯ ಫ್ಯಾನ್ ರಿಪೇರಿ ಮುಗಿಸಿ ಬಂದಿದ್ದ. ವಟವಟಿ ಓಡಿಹೋಗಿ ಎಲೆಯನ್ನು ಅವನ ಮುಖದ ಮುಂದೆ ಹಿಡಿದಳು.

“ಅಪ್ಪಾ, ನೋಡು!”

ಅಪ್ಪ ಒಂದೇ ಒಂದು ಸಲ ನೋಡಿದ. “ಓಹೋಹೋ! ಹಸಿರು ಸಾಕ್ಸಾ? ಒಂದೇ ಇದ್ಯಲ್ಲ ಮಗಳೇ, ಇನ್ನೊಂದು ಕಾಲಿಂದು ಎಲ್ಲಿ?”

“ಹಿಹಿ,” ಎಂದಳು ವಟವಟಿ.

ಅದು ಅಭ್ಯಾಸಬಲದ ನಗು. ಅರ್ಧ ದಾರಿಗೆ ಬಂದು ಗಂಟಲಲ್ಲೇ ನಿಂತುಬಿಟ್ಟಿತು. ಅವಳು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿ ಜೋರಾಗಿ ತಿರುಗಿಸಿದಳು. ಕನ್ನಡಿಯಲ್ಲಿ ನೋಡಿದರೆ ಮೂಗು ಕೆಂಪಗಾಗಿತ್ತು. “ನೋಡು, ಟೊಮೇಟೊ,” ಎಂದುಕೊಂಡಳು. ನಗು ಬರಲಿಲ್ಲ. ಅಳುವೇ ಬಂತು.

ಅಪ್ಪ ಬಾಗಿಲು ತಟ್ಟಿದ. “ಏ ಪುಟ್ಟಿ! ಏನಾಯ್ತೇ? ನೀನೇ ತಾನೆ ಮೊನ್ನೆ ಕಪ್ಪೆ ಕಪ್ಪೆ ಅಂತ ಬಿದ್ದುಬಿದ್ದು ನಗ್ತಿದ್ದಿದ್ದು?”

“ಅವತ್ತು ನಾನು ಹೇಳಿದ್ದೆ! ಇವತ್ತು ನಾನು ಹೇಳಿರ್ಲಿಲ್ಲ!” ಒಳಗಿನಿಂದ ಕೂಗು ಬಂತು. “ನೀನು ಸರಿಯಾಗಿ ನೋಡ್ಲೂ ಇಲ್ಲ!”

ಆಚೆಯಿಂದ ಅಪ್ಪ ಮೆಲ್ಲಗೆ ಅಂದ: “ಹೌದು ಕಣೇ. ನೋಡ್ಲಿಲ್ಲ. ಹೊರಗೆ ಬಾ, ತೋರ್ಸು.”

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ವಟವಟಿಗೆ ಇದ್ದಕ್ಕಿದ್ದ ಹಾಗೆ ಗುಬ್ಬಿಯ ಕೈಗಳು ನೆನಪಾದವು. ಆ ಕೈಗಳು ಕ್ಯಾನ್ವಾಸನ್ನು ಮಡಚಿದ್ದು, ಮಡಚಿದ್ದನ್ನು ಮತ್ತೆ ಮಡಚಿದ್ದು. ನಲ್ಲಿ ನಿಲ್ಲಿಸಿ, ಚಿಲಕ ತೆಗೆದು ಹೊರಗೆ ಬಂದಳು.

“ಅಪ್ಪಾ, ಆಮೇಲೆ ತೋರಿಸ್ತೀನಿ. ನಾನು ಗುಬ್ಬಿ ಮನೆಗೆ ಹೋಗಿ ಬರ್ಲಾ?”

“ಈಗ್ಲಾ?”

“ಈಗ್ಲೇ,” ಎಂದು ಹೊಲಿದ ಎಲೆಯನ್ನು ಕೈಚೀಲಕ್ಕೆ ಹಾಕಿಕೊಂಡಳು.

ಗುಬ್ಬಿಯ ಮನೆ ಪಕ್ಕದ ರಸ್ತೆಯಲ್ಲಿ, ಅವಳಮ್ಮ ನಡೆಸುವ ಲಾಂಡ್ರಿಯ ಹಿಂಭಾಗದಲ್ಲಿತ್ತು. ಅಪ್ಪ ಅವಳನ್ನು ಅಂಗಡಿಯ ಬಾಗಿಲವರೆಗೆ ಬಿಟ್ಟು, ತಾನು ಹೊರಗೇ ನಿಂತ. ಒಳಗೆ ಇಸ್ತ್ರಿಯ ಬಿಸಿ, ಸೋಪಿನ ವಾಸನೆ. ಹ್ಯಾಂಗರುಗಳಲ್ಲಿ ಯಾರ್ಯಾರದೋ ಕೋಟುಗಳು ಸಾಲಾಗಿ ನೇತಾಡುತ್ತಿದ್ದವು. ಗುಬ್ಬಿಯ ಅಮ್ಮ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದು, “ಬಾಮ್ಮ, ಒಳಗಿದ್ದಾಳೆ. ಯಾಕೋ ಒಂದು ವಾರದಿಂದ ಮುಖ ಊದಿಸ್ಕೊಂಡಿದ್ದಾಳೆ,” ಎಂದರು.

ಗುಬ್ಬಿ ಹಿಂದಿನ ಕೋಣೆಯಲ್ಲಿ ಒಗೆದ ಕರ್ಚೀಫುಗಳನ್ನು ಮಡಚುತ್ತಿದ್ದಳು. ವಟವಟಿಯನ್ನು ನೋಡಿದರೂ ನೋಡದವಳ ಹಾಗೆ ಮಡಚುತ್ತಲೇ ಇದ್ದಳು.

ವಟವಟಿ ದಾರಿಯುದ್ದಕ್ಕೂ ಮಾತು ಸಿದ್ಧ ಮಾಡಿಕೊಂಡು ಬಂದಿದ್ದಳು. “ಗುಬ್ಬೀ, ನಾನೊಂದು ದೊಡ್ಡ ಕತ್ತೆ ಕಣೇ. ಕತ್ತೆಗಾದ್ರೂ ಬುದ್ಧಿ ಇರುತ್ತೆ. ನನ್ನ ಬಾಯಿಗೆ ಒಂದು ಬೀಗ ಹಾಕಿ, ಕೀ ನೀನೇ ಇಟ್ಕೊಂಡುಬಿಡು...”

“ನಗಿಸೋಕೆ ಬರ್ಬೇಡ,” ಎಂದಳು ಗುಬ್ಬಿ.

ವಟವಟಿ ಕಕ್ಕಾಬಿಕ್ಕಿಯಾದಳು. ತಂದಿದ್ದ ಮಾತೆಲ್ಲ ಅದೇ ಥರದ್ದು. ಬೇರೆ ಥರದ ಮಾತು ಅವಳ ಸ್ಟಾಕಿನಲ್ಲೇ ಇರಲಿಲ್ಲ. ಸುಮ್ಮನೆ ನೆಲದ ಮೇಲೆ ಕೂತಳು. ಹೀಗೆ ಬಾಯಿ ಮುಚ್ಚಿ ಕೂರುವುದು ಅವಳಿಗೆ ಕೈ ಕಟ್ಟಿ ಈಜಿದ ಹಾಗೆ. ಆದರೂ ಕೂತಳು.

ಕೊನೆಗೆ ಗುಬ್ಬಿಯೇ ಕೇಳಿದಳು. “ನಂದು ನಿಂಗೆ ನಿಜವಾಗ್ಲೂ ಹಾಗೇ ಕಾಣ್ತಾ? ಕಪ್ಪೆಮರಿ ಥರ?”

ವಟವಟಿ ನೆನಪು ಮಾಡಿಕೊಳ್ಳಲು ನೋಡಿದಳು. ಗುಬ್ಬಿಯ ಎಲೆ ಯಾವ ಬಣ್ಣದ್ದಿತ್ತು? ಉದ್ದವಾಗಿತ್ತೇ, ಗುಂಡಗಿತ್ತೇ? ಏನೂ ನೆನಪಾಗಲಿಲ್ಲ.

“ನಾನು ನೋಡೇ ಇರ್ಲಿಲ್ಲ ಗುಬ್ಬಿ,” ಎಂದಳು. “ನೋಡದೇ ಹೇಳ್ಬಿಟ್ಟೆ.”

ಗುಬ್ಬಿ ಒಂದು ಕರ್ಚೀಫನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದಳು. “ಚೆನ್ನಾಗೇನೂ ಇರ್ಲಿಲ್ಲ ಬಿಡು. ಆದ್ರೂ ನಂಗೆ ಅದು ಇಷ್ಟ ಆಗಿತ್ತು.”

“ಎಲ್ಲಿದೆ? ಈಗ ನೋಡ್ತೀನಿ. ತೋರ್ಸು.”

ಗುಬ್ಬಿ ಎದ್ದು ಹೋಗಿ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದಳು. ಅದರೊಳಗೆ ಖಾಲಿ ಕ್ಯಾನ್ವಾಸ್, ಮತ್ತು ಬಿಚ್ಚಿದ ಉಣ್ಣೆ. ಗುಂಗುರು ಗುಂಗುರಾಗಿ, ಒಂದು ಹಿಡಿ.

“ಬಿಚ್ಚಿಬಿಟ್ಟೆ,” ಎಂದಳು.

ವಟವಟಿ ಆ ಉಣ್ಣೆಯನ್ನೇ ನೋಡುತ್ತಾ ಕೂತಳು. ಹಳದಿ ಇತ್ತು, ತುಕ್ಕಿನ ಬಣ್ಣವಿತ್ತು. ಹಣ್ಣಾಗುತ್ತಿದ್ದ ಎಲೆ ಇರಬೇಕು. ಹೇಗಿತ್ತೋ, ಇನ್ನು ಅದನ್ನು ಯಾರೂ ನೋಡುವ ಹಾಗಿಲ್ಲ.

“ಸಾರಿ ಗುಬ್ಬಿ,” ಎಂದಳು. ಅದರ ಹಿಂದೆ ಮುಂದೆ ಏನೂ ಸೇರಿಸಲಿಲ್ಲ.

ಮತ್ತೆ ಏನು ಮಾಡಬೇಕೆಂದು ತಿಳಿಯದೆ ಒಂದು ಗುಂಗುರು ಎಳೆಯನ್ನು ಕೈಗೆತ್ತಿಕೊಂಡು, ಬೆರಳಲ್ಲಿ ಎಳೆದೆಳೆದು ನೆಟ್ಟಗೆ ಮಾಡತೊಡಗಿದಳು. ಬಿಟ್ಟ ಕೂಡಲೇ ಅದು ಮತ್ತೆ ಸುರುಳಿಯಾಗುತ್ತಿತ್ತು. ಎಳೆದಳು, ಬಿಟ್ಟಳು, ಎಳೆದಳು, ಬಿಟ್ಟಳು. ಗುಬ್ಬಿ ಎಷ್ಟು ಹೊತ್ತೆಂದು ನೋಡಿಯಾಳು?

“ಅಯ್ಯೋ, ಹಾಗೆ ಎಳೆದ್ರೆ ಕಿತ್ತು ಬರುತ್ತೆ. ಕೊಡಿಲ್ಲಿ,” ಎಂದು ಉಣ್ಣೆಯನ್ನು ಕಸಿದುಕೊಂಡಳು. ಅಂಗಡಿಗೆ ಹೋಗಿ ಅಮ್ಮನ ಇಸ್ತ್ರಿ ಪೆಟ್ಟಿಗೆಯ ಹಬೆಗೆ ಹಿಡಿಸಿಕೊಂಡು ಬಂದಳು. ಎಳೆಗಳು ಮೆತ್ತಗಾಗಿ ನೆಟ್ಟಗಾಗಿದ್ದವು. ಆಗಲೇ ಅವಳ ಕಣ್ಣು ವಟವಟಿಯ ಕೈಚೀಲದಿಂದ ಇಣುಕುತ್ತಿದ್ದ ಕ್ಯಾನ್ವಾಸಿನ ಮೇಲೆ ಬಿತ್ತು.

“ಅದ್ಯಾಕೆ ಗಾಳಿಪಟ ಆಗಿದೆ?”

“ದಾರ ಜಗ್ಗಿ ಜಗ್ಗಿ ಎಳೆದೆ.”

ಗುಬ್ಬಿ ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ತುಂಬಾ ಹೊತ್ತು ನೋಡಿದಳು. ವಟವಟಿಗೆ ಉಸಿರು ಬಿಡಲೂ ಭಯ. ತುದಿನಾಲಿಗೆಯ ಮೇಲೆ ‘ಸಾಕ್ಸ್’ ಬಂದು ಕೂತಿತ್ತು. ತಾನೇ ಹೇಳಿಬಿಟ್ಟರೆ ನಿರಾಳ! ಅವಳು ತುಟಿ ಕಚ್ಚಿ ಹಿಡಿದಳು.

“ಹುಳ ಕಚ್ಚಿರೋದು ಚೆನ್ನಾಗಿ ಬಂದಿದೆ,” ಎಂದಳು ಗುಬ್ಬಿ. “ಈ ಕಡೆ ಸಾಲು ತಪ್ಪಿದೆ.”

“ಹೂಂ. ತಪ್ಪಿದೆ.”

“ಓರೆ ಆಗಿರೋದನ್ನ ಸರಿ ಮಾಡ್ಬಹುದು. ಅಮ್ಮ ಸ್ವೆಟರ್‌ಗೆ ಮಾಡ್ತಾರಲ್ಲ, ಹಾಗೆ.”

ಇಬ್ಬರೂ ಕ್ಯಾನ್ವಾಸನ್ನು ನೀರು ಚಿಮುಕಿಸಿ ಒದ್ದೆ ಮಾಡಿದರು. ಒಬ್ಬಳು ಒಂದು ಮೂಲೆ, ಇನ್ನೊಬ್ಬಳು ಎದುರಿನ ಮೂಲೆ ಹಿಡಿದು ಎಳೆದು, ಇಸ್ತ್ರಿ ಟೇಬಲ್ಲಿನ ದಪ್ಪ ಬಟ್ಟೆಗೆ ಸುತ್ತಲೂ ಪಿನ್ ಚುಚ್ಚಿ ಕೂರಿಸಿದರು. ಅದು ಒಣಗಬೇಕಿತ್ತು. ಅಷ್ಟರಲ್ಲಿ ಗುಬ್ಬಿ ತನ್ನ ಖಾಲಿ ಕ್ಯಾನ್ವಾಸ್ ಮಡಿಲಲ್ಲಿಟ್ಟುಕೊಂಡು ಸೂಜಿಗೆ ಹಳದಿ ಎಳೆ ಪೋಣಿಸಿದಳು. ಪುಸ್ತಕದ ನಡುವಿನಿಂದ ಒಂದು ಒಣಗಿದ ಎಲೆ ಹೊರಬಂತು. ಮೊದಲ ಸಲ ನೋಡಿ ಹೊಲಿದಿದ್ದ ಆ ಎಲೆಯನ್ನು ಅವಳು ಎಸೆದಿರಲಿಲ್ಲ. ವಟವಟಿ ಆ ಎಲೆಯನ್ನು ಗುಬ್ಬಿಗೆ ಕಾಣುವ ಹಾಗೆ ಅಂಗೈಯಲ್ಲಿ ಹಿಡಿದುಕೊಂಡು ಕೂತಳು. ಹೊರಗೆ ಅಂಗಡಿಯಲ್ಲಿ ಅಪ್ಪ ಗುಬ್ಬಿಯ ಅಮ್ಮನ ಮಿಣಮಿಣ ಎನ್ನುತ್ತಿದ್ದ ಟ್ಯೂಬ್‌ಲೈಟನ್ನು ರಿಪೇರಿ ಮಾಡತೊಡಗಿದ್ದ.

ಮಾರನೆಯ ದಿನ ಕ್ಲಾಸಿಗೆ ಬಂದ ಕೂಡಲೇ ಲಂಬು ಶುರು ಮಾಡಿದ. “ಏ ಕಪ್ಪೆಮರಿ, ಗುಡ್ ಮಾರ್ನಿಂಗ್!”

“ಅವಳನ್ನ ಹಾಗೆ ಕರೀಬೇಡ,” ಎಂದಳು ವಟವಟಿ. “ಅದು ನಾನು ನೋಡದೇ ಹೇಳಿದ್ದು.”

“ಮತ್ತೆ ನಿನ್ನನ್ನ? ನಿನ್ನನ್ನೂ ಕಪ್ಪೆ ಅನ್ನೋ ಹಾಗಿಲ್ವಾ?”

ವಟವಟಿ ಯೋಚಿಸಿದಳು. “ನನ್ನನ್ನ ಬೇಕಾದ್ರೆ ಅನ್ನು. ಆದ್ರೆ ದಿನಕ್ಕೊಂದೇ ಸಲ.”

ಲಂಬುವಿಗೆ ಅಷ್ಟರಲ್ಲಿ ಆಸಕ್ತಿಯೇ ಹೋಯಿತು. ರೇಷನ್ ಹಾಕಿ ಕೊಟ್ಟರೆ ಗೇಲಿಯಲ್ಲಿ ಏನು ಮಜಾ?

ಕೆಲವು ದಿನಗಳ ಮೇಲೆ ಮರ ಲೈಬ್ರರಿಯ ಗೋಡೆಗೇರಿತು. ಐದನೇ ಕ್ಲಾಸಿನವರೆಲ್ಲ ತಮ್ಮ ತಮ್ಮ ಎಲೆ ಎಲ್ಲಿದೆಯೆಂದು ಬೆರಳಿಟ್ಟು ತೋರಿಸುವ ಗಡಿಬಿಡಿಯಲ್ಲಿದ್ದರು. ಗುಬ್ಬಿಯ ಹಳದಿ ಎಲೆ ಮೇಲಿನ ಕೊಂಬೆಯಲ್ಲಿತ್ತು. ಎರಡನೇ ಸಲ ಹೊಲಿದಿದ್ದರಿಂದ ಉಣ್ಣೆ ಸ್ವಲ್ಪ ತೆಳುವಾಗಿತ್ತು. ವಟವಟಿಯದು ಎಲ್ಲಕ್ಕಿಂತ ಕೆಳಗಿನ ಕೊಂಬೆಯಲ್ಲಿ, ಒಂದನೇ ಕ್ಲಾಸಿನ ಮಕ್ಕಳ ಮೂಗಿನ ನೇರಕ್ಕೆ.

ಕತೆಪುಸ್ತಕ ತೆಗೆದುಕೊಳ್ಳಲು ಬಂದ ಒಂದು ಪುಟಾಣಿ ಆ ಎಲೆಯ ಮುಂದೆ ನಿಂತಿತು. ಬೆರಳಿನಿಂದ ಸವರಿತು. ತಲೆ ವಾಲಿಸಿ ನೋಡಿತು.

“ಅಕ್ಕಾ, ಇದು ಯಾರ್ದು?”

“ನಂದು.”

“ಸೊಟ್ಟ ಇದೆ.”

ಲಂಬು ಕಿವಿ ನಿಮಿರಿಸಿದ. ಇನ್ನೂ ನಾಲ್ಕಾರು ಮಂದಿ ವಟವಟಿಯ ಕಡೆ ತಿರುಗಿದರು. ಈಗ ಇವಳು ಏನಾದರೂ ಹೇಳುತ್ತಾಳೆ, ನಗಬೇಕು ಎಂದು ಎಲ್ಲರ ಬಾಯಿ ಆಗಲೇ ಅರ್ಧ ತೆರೆದಿತ್ತು. ಅವಳಿಗೂ ಒಂದಲ್ಲ, ನಾಲ್ಕು ಜೋಕು ಒಟ್ಟಿಗೇ ನುಗ್ಗಿ ಬಂದವು.

ವಟವಟಿ ಪುಟಾಣಿಯ ಪಕ್ಕ ಮಂಡಿಯೂರಿ ಕೂತಳು. ಅದರ ಹಾಗೆಯೇ ತಲೆ ವಾಲಿಸಿ ನೋಡಿದಳು. ನಡುವಿನ ನರ ತುದಿಗೆ ಹೋಗುತ್ತಾ ಒಂದು ಕಡೆಗೆ ವಾಲಿಕೊಂಡಿತ್ತು.

“ಹೌದು,” ಎಂದಳು. “ನಾನು ನೋಡಿದ ಎಲೆನೂ ಸೊಟ್ಟ ಇತ್ತು.”

“ಓ,” ಎಂದಿತು ಪುಟಾಣಿ. ಅದಕ್ಕೆ ಅಷ್ಟು ಸಾಕಿತ್ತು. ಹುಳ ಕಚ್ಚಿದ ಜಾಗಕ್ಕೆ ಬೆರಳಿಟ್ಟು, “ಇಲ್ಲಿ?” ಎಂದು ಕೇಳಿತು.

ಗುಬ್ಬಿಯೂ ಬಂದು ಆ ಕಡೆ ಮಂಡಿಯೂರಿ ಕೂತಳು. ಮೂವರೂ ಎಲೆಯನ್ನು ನೋಡತೊಡಗಿದರು.